ಮುಂದಿನ ಫೋರ್ಕ್ ಆಯಿಲ್ ಮನೆಯಲ್ಲೇ ಬದಲಿಸುವುದು: 20 ಡಬ್ಲ್ಯೂ ಹಾಕಿದರೆ ಬ್ರೇಕ್ ಹಿಡಿದಾಗ ಮೂತಿ ಕುಸಿಯುವುದು ನಿಲ್ಲುತ್ತದೆಯೇ?

ಕೊಪ್ಪ_150

ಗಾಡಿ 150 ಸಿಸಿ ಕಮ್ಯೂಟರ್. ಮುಂದೆ ಡಿಸ್ಕ್ ಬ್ರೇಕ್, 31 ಎಂಎಂ ಪೈಪಿನ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್. 34,000 ಕಿ.ಮೀ. ಆಗಿದೆ, ಫೋರ್ಕ್ ಆಯಿಲ್ ಇದುವರೆಗೆ ಬದಲಾಗಿಲ್ಲ. ಬ್ರೇಕ್ ಹಿಡಿದರೆ ಮೂತಿ ದಬಕ್ಕನೆ ಕೆಳಗಿಳಿಯುತ್ತದೆ. ಹಂಪ್ ದಾಟಿದ ಮೇಲೆ ಎರಡು ಮೂರು ಸಲ ಕುಣಿಯುತ್ತದೆ. ಗುಂಡಿಯಿಂದ ಮೇಲೆದ್ದಾಗ ಟಕ್ ಅಂತ ಸದ್ದು. ಬಲಗಡೆ ಪೈಪಿನ ಮೇಲೆ ತೆಳ್ಳಗೆ ಎಣ್ಣೆಯ ಉಂಗುರ ಕಾಣುತ್ತಿದೆ, ಸೋರಿ ಕೆಳಗಿಳಿಯುವಷ್ಟು ಇಲ್ಲ.

ಮ್ಯಾನುಯಲ್‌ನಲ್ಲಿ 10 ಡಬ್ಲ್ಯೂ (ಎಣ್ಣೆಯ ದಪ್ಪದ ಗ್ರೇಡ್), ಫೋರ್ಕಿನ ಒಂದೊಂದು ಕಾಲಿಗೆ 170 ಮಿ.ಲೀ. ಅಂತ ಇದೆ. ಅಂಗಡಿಯಲ್ಲಿ 20 ಡಬ್ಲ್ಯೂ ಹಾಕಿ, ಟೈಟ್ ಆಗುತ್ತೆ ಅಂದರು. ಕೇಳಬೇಕಾದದ್ದು ಮೂರು. ದಪ್ಪ ಎಣ್ಣೆಯಿಂದ ಈ ಕುಸಿತ ನಿಲ್ಲುತ್ತದೆಯೇ? ಕೆಳಗೆ ಡ್ರೈನ್ ಸ್ಕ್ರೂ ಇಲ್ಲ, ಹಾಗಾದರೆ ಫೋರ್ಕ್ ಪೂರ್ತಿ ಬಿಚ್ಚಲೇಬೇಕೇ? ಎಣ್ಣೆ ಜೊತೆಗೆ ಆಯಿಲ್ ಸೀಲ್ ಕೂಡ ಬದಲಿಸಬೇಕೇ? ಸಾಕೆಟ್ ಸೆಟ್, ಅಲೆನ್ ಕೀ, ಮೇನ್ ಸ್ಟ್ಯಾಂಡ್ ಇವೆ. ಇಂಪ್ಯಾಕ್ಟ್ ಗನ್ ಇಲ್ಲ.

ಪಾನಾ ಪಕ್ಕಡ, ಹುಬ್ಬಳ್ಳಿ

ಮೊದಲು ಆ ಟಕ್ ಸದ್ದು ಎಲ್ಲಿಂದ ಅಂತ ನೋಡ್ಕೊಳ್ರಿ. ಮುಂದಿನ ಬ್ರೇಕ್ ಹಿಡಿದು ಗಾಡಿ ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಬ್ಬರಿಗೆ ಹ್ಯಾಂಡಲ್ ಕೆಳಗಿನ ಟಿ (ಎರಡೂ ಫೋರ್ಕ್ ಪೈಪ್ ಹಿಡಿದಿರುವ ಬ್ರಾಕೆಟ್, ಮೇಲೊಂದು ಕೆಳಗೊಂದು) ಹತ್ತಿರ ಕೈ ಇಟ್ಟು ನೋಡಲು ಹೇಳಿ. ಅಲ್ಲಿ ಆಟ ಸಿಕ್ಕರೆ ಅದು ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಮಸ್ಯೆ, ಫೋರ್ಕ್ ಆಯಿಲ್ ಎಷ್ಟು ಬದಲಿಸಿದರೂ ಹೋಗುವುದಿಲ್ಲ. ಅಲ್ಲಿ ಆಟ ಇಲ್ಲದೆ, ಗುಂಡಿಯಿಂದ ಮೇಲೆ ಬರುವಾಗ ಮಾತ್ರ ಸದ್ದು ಬಂದರೆ ಎಣ್ಣೆ ಕಡಿಮೆಯಾಗಿದೆ ಅಥವಾ ನೀರಿನಂತಾಗಿದೆ. ಫೋರ್ಕ್ ತಡೆ ಇಲ್ಲದೆ ಪೂರ್ತಿ ಚಾಚಿಕೊಂಡು ಮೇಲಿನ ಸ್ಟಾಪ್‌ಗೆ ಬಡಿಯುತ್ತಿದೆ ಅಂತ ಅರ್ಥ.

ಡ್ರೈನ್ ಸ್ಕ್ರೂ ಇಲ್ಲದಿದ್ದರೆ ಕಾಲುಗಳನ್ನು ಹೊರಗೆ ತೆಗೆದು ಬೋರಲು ಹಾಕಬೇಕು, ಬೇರೆ ದಾರಿ ಇಲ್ಲ. ಇದ್ದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸ್ಕ್ರೂನಿಂದ ಬಿಟ್ಟರೆ ತೆಳು ಎಣ್ಣೆ ಬರುತ್ತದೆ, ತಳದಲ್ಲಿ ಕೂತ ಬೂದು ಬಣ್ಣದ ಕೆಸರು ಅಲ್ಲೇ ಉಳಿಯುತ್ತದೆ. ಆದರೆ ಕಾಲು ಹೊರತೆಗೆದ ಮಾತ್ರಕ್ಕೆ ತಳದ ಅಲೆನ್ ಬೋಲ್ಟ್ ಮುಟ್ಟಬೇಕಿಲ್ಲ. ಅದು ಸೀಲ್ ಕೆಲಸ ಬಂದಾಗ ಮಾತ್ರ.

ಮೇನ್ ಸ್ಟ್ಯಾಂಡ್ ಹಾಕಿ ಇಂಜಿನ್ ಕೆಳಗೆ ಮರದ ಹಲಗೆ, ಅದರ ಕೆಳಗೆ ಜ್ಯಾಕ್ ಅಥವಾ ಇಟ್ಟಿಗೆ ಕೊಡಿ. ಇಂಜಿನ್ ಆಯಿಲಿನ ಡ್ರೈನ್ ಬೋಲ್ಟ್ ಮೇಲೆ ಭಾರ ಬೀಳದಂತೆ ನೋಡಿ. ಗಾಲಿ ಇನ್ನೂ ಇರುವಾಗಲೇ ಮಾಡಬೇಕಾದ ಕೆಲಸ ಒಂದಿದೆ, ಬಹಳ ಜನ ಮರೆಯುವುದೂ ಇದನ್ನೇ. ಮೇಲಿನ ಟಿಯಲ್ಲಿ ಪೈಪನ್ನು ಅದುಮಿ ಹಿಡಿಯುವ ಪಿಂಚ್ ಬೋಲ್ಟ್ ಸಡಿಲಿಸಿ, ಕೆಳಗಿನದನ್ನು ಬಿಗಿಯಾಗಿಯೇ ಬಿಟ್ಟು, ಫೋರ್ಕ್ ಕ್ಯಾಪ್‌ಗೆ ಬಿಚ್ಚುವ ದಿಕ್ಕಿಗೆ ಕಾಲು ಭಾಗ ಸುತ್ತು ಕೊಡಿ. ಮೇಲಿನ ಪಿಂಚ್ ಬಿಗಿಯಿದ್ದಾಗ ತಿರುಗಿಸಿದರೆ ಕ್ಯಾಪಿನ ಥ್ರೆಡ್ ಹಿಸುಕಿಕೊಂಡೇ ತಿರುಗುತ್ತದೆ, ಹಾಳಾಗುತ್ತದೆ. ಕಾಲು ಹೊರಗೆ ಬಂದ ಮೇಲೆ ಬಿಚ್ಚೋಣ ಅಂದರೆ ಪೈಪ್ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ವೈಸ್‌ಗೆ ನೇರವಾಗಿ ಕೊಟ್ಟರೆ ಕ್ರೋಮ್ ಹೋಯಿತು.

ಆಮೇಲೆ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಚಾಸಿಗೆ ನೇತುಹಾಕಿ, ಹೋಸ್ ಮೇಲೆ ಅದರ ಭಾರ ಬೇಡ. ಪ್ಯಾಡ್‌ಗಳ ನಡುವೆ ಮರದ ಚೂರು ಇಟ್ಟರೆ ಯಾರಾದರೂ ಅಕಸ್ಮಾತ್ ಲಿವರ್ ಒತ್ತಿದರೂ ಪಿಸ್ಟನ್ ಹೊರಗೆ ಬರುವುದಿಲ್ಲ. ಆಕ್ಸಲ್, ಗಾಲಿ, ಮಡ್‌ಗಾರ್ಡ್. ಸ್ಪೀಡೋಮೀಟರ್ ಕೇಬಲ್ ಇದ್ದರೆ ಅದರ ಗೇರ್ ಬಾಕ್ಸ್ ಯಾವ ಕೋನದಲ್ಲಿ ಕೂತಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಪೈಪ್ ಮೇಲಿನ ಟಿಯಿಂದ ಎಷ್ಟು ಎಂಎಂ ಮೇಲೆ ಇದೆ ಅಂತಲೂ ಗುರುತು ಮಾಡಿ. ಈಗ ಕೆಳಗಿನ ಪಿಂಚ್ ಸಡಿಲಿಸಿ ಕಾಲನ್ನು ತಿರುಚುತ್ತಾ ಕೆಳಗೆ ಎಳೆಯಿರಿ. ತುಕ್ಕು ಹಿಡಿದು ಬರದಿದ್ದರೆ ಟಿಯ ಸೀಳಿಗೆ ಒಂದು ಹನಿ ತುಕ್ಕುನಾಶಕ ಬಿಟ್ಟು ಕಾಯಿರಿ. ಸ್ಕ್ರೂಡ್ರೈವರ್ ತುರುಕಿ ಸೀಳು ಅಗಲಿಸಬೇಡಿ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ.

ಕ್ಯಾಪ್ ಕೊನೆಯ ಥ್ರೆಡ್‌ಗೆ ಬಂದಾಗ ಅಂಗೈಯಿಂದ ಒತ್ತಿ ಹಿಡಿದೇ ತೆಗೆಯಿರಿ, ಮುಖ ಅದರ ನೇರಕ್ಕೆ ಬೇಡ. ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿದೆ. ಕೆಲವು ಗಾಡಿಗಳಲ್ಲಿ ಥ್ರೆಡ್ ಕ್ಯಾಪ್ ಬದಲು ಒಳಗೆ ಪ್ಲಗ್, ಅದರ ಮೇಲೆ ತಂತಿಯ ಲಾಕ್ ರಿಂಗ್ ಇರುತ್ತದೆ. ಅಂಥದ್ದಾದರೆ ಅದನ್ನು ಕಾಲು ಟಿಯಲ್ಲಿ ಇರುವಾಗಲೇ ತೆಗೆಯಬೇಕು, ಇಬ್ಬರು ಬೇಕು: ಒಬ್ಬರು ಉದ್ದ ಎಕ್ಸ್‌ಟೆನ್ಷನ್‌ನಿಂದ ಪ್ಲಗ್ ಒತ್ತುವುದು, ಇನ್ನೊಬ್ಬರು ರಿಂಗ್ ಎಬ್ಬಿಸುವುದು.

ವಾಷರ್, ಸ್ಪೇಸರ್, ಸ್ಪ್ರಿಂಗ್ ಬಂದ ಕ್ರಮದಲ್ಲೇ ಹಳೆ ಪೇಪರ್ ಮೇಲೆ ಸಾಲಾಗಿ ಇಡಿ. ಸ್ಪ್ರಿಂಗಿನ ಒಂದು ಕಡೆ ಸುತ್ತು ಒತ್ತಾಗಿದ್ದರೆ ಅದು ಮೇಲಿತ್ತೋ ಕೆಳಗಿತ್ತೋ ನೋಡಿಕೊಳ್ಳಿ, ಹಾಗೆಯೇ ವಾಪಸ್ ಹೋಗಬೇಕು. ಕಾಲನ್ನು ಬೋರಲು ಹಿಡಿದು ಅಳತೆ ಜಾರ್‌ಗೆ ಸುರಿಯಿರಿ, ಹತ್ತು ಹದಿನೈದು ಸಲ ಪಂಪ್ ಮಾಡಿ, ಅರ್ಧ ಗಂಟೆ ಹಾಗೇ ಒರಗಿಸಿಡಿ. ಎರಡೂ ಕಾಲಿನ ಎಣ್ಣೆ ಬೇರೆ ಬೇರೆ ಅಳೆಯಿರಿ. ಬಲಗಡೆ ಕಡಿಮೆ ಬಂದರೆ ಆ ಸೀಲ್ ಬಗ್ಗೆ ಉತ್ತರ ಸಿಕ್ಕ ಹಾಗೆ. ಬಣ್ಣವನ್ನೂ ನೋಡಿ. ಬೂದು, ಬೆಳ್ಳಿಯಂತೆ ಮಿನುಗಿದರೆ ಸವೆತ, ಅಷ್ಟು ಕಿ.ಮೀ.ಗೆ ಸಹಜ. ಹಾಲು ಬೆರೆಸಿದಂತಿದ್ದರೆ ನೀರು ಒಳಗೆ ಹೋಗಿದೆ, ನಿಮ್ಮ ಕಡೆ ಮಳೆಗೆ ಅದೂ ಆಗುವಂಥದ್ದೇ. ಆಯಿಲ್ ಸೀಲಿನ ಮೇಲೆ ಧೂಳು ತಡೆಯುವ ಡಸ್ಟ್ ಸೀಲ್ ಒಡೆದಿದೆಯೇ ನೋಡಿ.

ತೊಳೆಯಲು ಸ್ವಲ್ಪ ಸೀಮೆಎಣ್ಣೆ ಹಾಕಿ ಪಂಪ್ ಮಾಡಿ ಸುರಿದರೆ ಕೆಸರೆಲ್ಲ ಬರುತ್ತದೆ.

ದಪ್ಪ ತೆಳು

ಸೀಮೆಎಣ್ಣೆ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಡ್ಯಾಂಪರ್ ರಾಡ್ (ಎಣ್ಣೆ ಹಾದುಹೋಗುವ ಸಣ್ಣ ತೂತುಗಳಿರುವ ಒಳಗಿನ ಕೊಳವೆ) ಒಳಗಿರುವಾಗ ತೊಳೆದದ್ದು ಪೂರ್ತಿ ಹೊರಗೆ ಬರುವುದಿಲ್ಲ, ಹತ್ತು ಮಿ.ಲೀ.ನಷ್ಟು ಒಳಗೇ ಅಂಟಿಕೊಂಡಿರುತ್ತದೆ. 160 ಮಿ.ಲೀ. ಹೊಸ ಎಣ್ಣೆಗೆ 10 ಮಿ.ಲೀ. ಸೀಮೆಎಣ್ಣೆ ಬೆರೆತರೆ 10 ಡಬ್ಲ್ಯೂಗೆ ದುಡ್ಡು ಕೊಟ್ಟದ್ದು ದಂಡ. ಅಗ್ಗದ ವಿಜಿ 32 ಹೈಡ್ರಾಲಿಕ್ ಆಯಿಲ್ 100 ಮಿ.ಲೀ. ಹಾಕಿ ತೊಳೆಯಿರಿ, ಉಳಿದರೂ ತೊಂದರೆ ಇಲ್ಲ. ಸೀಮೆಎಣ್ಣೆ ಪೂರ್ತಿ ಬಿಚ್ಚಿದ ಬಿಡಿ ಭಾಗಗಳಿಗೆ ಸರಿ.

ಈಗ 20 ಡಬ್ಲ್ಯೂ ವಿಚಾರ. ಬ್ರೇಕ್ ಹಿಡಿದಾಗ ಮೂತಿ ಎಷ್ಟು ಕೆಳಗೆ ಹೋಗಿ ನಿಲ್ಲಬೇಕು ಅನ್ನುವುದನ್ನು ಎಣ್ಣೆ ತೀರ್ಮಾನಿಸುವುದಿಲ್ಲ. ಮುಂದಕ್ಕೆ ವಾಲಿದ ಭಾರವನ್ನು ಹೊರುವುದು ಸ್ಪ್ರಿಂಗ್, ಮತ್ತು ಪೈಪಿನೊಳಗೆ ಎಣ್ಣೆಯ ಮೇಲೆ ಸಿಕ್ಕಿಕೊಂಡ ಗಾಳಿ. ಎಣ್ಣೆಯ ದಪ್ಪ ಆ ಜಾಗಕ್ಕೆ ತಲುಪುವ ವೇಗವನ್ನಷ್ಟೇ ಬದಲಿಸುತ್ತದೆ. ದಪ್ಪ ಹಾಕಿದರೆ ನಿಧಾನ ಕುಸಿಯುತ್ತದೆ, ಬ್ರೇಕ್ ಹಿಡಿದೇ ಇದ್ದರೆ ಅಷ್ಟೇ ಕುಸಿಯುತ್ತದೆ.

ಅದಕ್ಕೆ ತೆರಬೇಕಾದ ಬೆಲೆ ಬೇರೆ. ನಿಮ್ಮಂಥ ಡ್ಯಾಂಪರ್ ರಾಡ್ ಫೋರ್ಕಿನಲ್ಲಿ ತಡೆ ಹುಟ್ಟುವುದು ರಾಡಿನ ಸಣ್ಣ ತೂತುಗಳಲ್ಲಿ. ತೂತಿನಲ್ಲಿ ಎಣ್ಣೆ ಹರಿಯುವ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಕುಸಿತ ನಿಧಾನ ಚಲನೆ, ಗುಂಡಿಯ ಅಂಚು ಅತಿ ವೇಗದ ಚಲನೆ. ಮೊದಲನೆಯದನ್ನು ಹಿಡಿಯಲು ಎಣ್ಣೆ ದಪ್ಪ ಮಾಡಿದರೆ ಎರಡನೆಯದರಲ್ಲಿ ಫೋರ್ಕ್ ಕಬ್ಬಿಣದ ಸಲಾಕೆಯಾಗುತ್ತದೆ, ಏಟು ನೇರ ಮಣಿಕಟ್ಟಿಗೆ. ವಾಪಸ್ ಚಾಚುವುದೂ ನಿಧಾನವಾಗಿ, ಸಾಲಾಗಿ ಇರುವ ಹಂಪ್‌ಗಳಲ್ಲಿ ಒಂದರ ಮೇಲೊಂದು ಏಟಿಗೆ ಫೋರ್ಕ್ ಕೆಳಗೇ ಉಳಿದುಬಿಡುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿಗೆ ಎಣ್ಣೆ ಇನ್ನೂ ಗಟ್ಟಿ.

ಇನ್ನೊಂದು ವಿಷಯ, ಡಬ್ಬಿಯ ಮೇಲಿನ ಡಬ್ಲ್ಯೂ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಫೋರ್ಕ್ ಆಯಿಲಿಗೆ ಎಲ್ಲರೂ ಪಾಲಿಸುವ ಒಂದೇ ಮಾನದಂಡ ಇಲ್ಲ. ಒಬ್ಬರ 10 ಡಬ್ಲ್ಯೂ 40 ಡಿಗ್ರಿಯಲ್ಲಿ 32 ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ) ಇದ್ದರೆ ಇನ್ನೊಬ್ಬರದು 47ರ ಹತ್ತಿರ ಇರುತ್ತದೆ. ಮೋಟುಲ್‌ನ 10 ಡಬ್ಲ್ಯೂ 36. ತಯಾರಕರ ಡೇಟಾ ಶೀಟಿನಲ್ಲಿ 40 ಡಿಗ್ರಿಯ ಅಂಕಿ ನೋಡಿ ಹೋಲಿಸಿ. ವಿಜಿ 32, ವಿಜಿ 46 ಅನ್ನುವ ಹೈಡ್ರಾಲಿಕ್ ಆಯಿಲ್‌ಗಳಲ್ಲಿ ಆ ಸಂಖ್ಯೆಯೇ 40 ಡಿಗ್ರಿಯ ಸೆಂಟಿಸ್ಟೋಕ್, ಹತ್ತು ಶೇಕಡ ಆಚೀಚೆ. ಆದ್ದರಿಂದ ತುರ್ತಿಗೆ ವಿಜಿ 32 ಬಳಸುವವರು ಇದ್ದಾರೆ, ತಪ್ಪೇನಲ್ಲ. ಆದರೆ ಫೋರ್ಕ್ ಆಯಿಲಿನಲ್ಲಿ ನೊರೆ ತಡೆಯುವ, ಸೀಲ್ ಜಾರುವಂತೆ ಇಡುವ ಸೇರ್ಪಡೆಗಳು ಹೆಚ್ಚು. ಎರಡು ಕಾಲಿಗೆ ಬೇಕಾದ್ದು 350 ಮಿ.ಲೀ. ಒಳಗೆ, ಅಲ್ಲಿ ಉಳಿತಾಯ ಮಾಡುವ ಅಗತ್ಯ ಕಾಣುವುದಿಲ್ಲ. ಇಂಜಿನ್ ಆಯಿಲ್ ಬೇಡವೇ ಬೇಡ. 20 ಡಬ್ಲ್ಯೂ 40 ಇಂಜಿನ್ ಆಯಿಲ್ 40 ಡಿಗ್ರಿಯಲ್ಲಿ 100 ಸೆಂಟಿಸ್ಟೋಕ್ ದಾಟುತ್ತದೆ, 20 ಡಬ್ಲ್ಯೂ ಫೋರ್ಕ್ ಆಯಿಲಿಗಿಂತಲೂ ದಪ್ಪ.

ಮೊದಲು 10 ಡಬ್ಲ್ಯೂ ಹೊಸದಾಗಿ, ಸರಿಯಾದ ಮಟ್ಟಕ್ಕೆ ಹಾಕಿ. 34,000 ಕಿ.ಮೀ. ಓಡಿದ ಎಣ್ಣೆಗೆ ಹೋಲಿಸಿದರೆ ಅದೇ ದೊಡ್ಡ ಬದಲಾವಣೆ. ಆಮೇಲೂ ಸಾಲದಿದ್ದರೆ 15 ಡಬ್ಲ್ಯೂ.

ಕೊಪ್ಪ_150

ಇಬ್ಬರಿಗೂ ಧನ್ಯವಾದ. ಕೋನ್ ಸೆಟ್‌ನಲ್ಲಿ ಆಟ ಇಲ್ಲ. "ಸರಿಯಾದ ಮಟ್ಟ" ಅಂದಿರಿ. 170 ಮಿ.ಲೀ. ಅಳೆದು ಸುರಿದರೆ ಸಾಲದೇ? ಮಟ್ಟ ಅಳೆಯುವುದು ಹೇಗೆ? ಮ್ಯಾನುಯಲ್‌ನಲ್ಲಿ ಮಟ್ಟದ ಅಂಕಿ ಕೊಟ್ಟಿಲ್ಲ.

ದಪ್ಪ ತೆಳು

ಸಾಲದು. 170 ಅನ್ನುವುದು ಸಾಮಾನ್ಯವಾಗಿ ಪೂರ್ತಿ ಬಿಚ್ಚಿ ಒಣಗಿಸಿ ಜೋಡಿಸಿದ ಕಾಲಿಗೆ. ನಿಮ್ಮದರಲ್ಲಿ ಹಳೆಯದು ಸ್ವಲ್ಪ ಉಳಿದಿರುತ್ತದೆ, ಅದೂ ಎರಡು ಕಾಲಿನಲ್ಲಿ ಒಂದೇ ಪ್ರಮಾಣದಲ್ಲಿ ಅಲ್ಲ.

31 ಎಂಎಂ ಪೈಪಿನ ಒಳವ್ಯಾಸ 27 ಎಂಎಂ ಅಂತ ಇಟ್ಟುಕೊಂಡರೆ ಒಳಗಿನ ವಿಸ್ತೀರ್ಣ 5.7 ಚದರ ಸೆಂ.ಮೀ. ಅಂದರೆ 10 ಮಿ.ಲೀ. ವ್ಯತ್ಯಾಸಕ್ಕೆ ಎಣ್ಣೆಯ ಮಟ್ಟ 17 ಎಂಎಂಗೂ ಹೆಚ್ಚು ಏರುತ್ತದೆ. ಮೇಲಿನ ಗಾಳಿ ಅಷ್ಟು ಕಡಿಮೆ. ಕಡಿಮೆ ಗಾಳಿ ಬೇಗ ಒತ್ತಿಕೊಂಡು ಕೊನೆಯ ಭಾಗದಲ್ಲಿ ಫೋರ್ಕ್ ಗಟ್ಟಿಯಾಗುತ್ತದೆ. ಮಿತಿಯಲ್ಲಿದ್ದರೆ ಅದು ಒಳ್ಳೆಯದೇ, ಬ್ರೇಕ್ ಕುಸಿತದ ಕೊನೆಯನ್ನು ಹಿಡಿಯುತ್ತದೆ. ಮೀರಿದರೆ ಆ ಒತ್ತಡ ಸೀಲನ್ನೇ ಹೊರಗೆ ತಳ್ಳುತ್ತದೆ. ಒಂದು ಕಾಲಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಆದರೆ ಹೆಚ್ಚಿರುವ ಕಾಲಿನ ಸೀಲ್ ಮೊದಲು ಹೋಗುತ್ತದೆ.

ಕಾಲನ್ನು ನೇರ ನಿಲ್ಲಿಸಿ, ಸ್ಪ್ರಿಂಗ್ ಹೊರಗೇ ಇರಲಿ. 160 ಮಿ.ಲೀ. ನಿಧಾನ ಸುರಿಯಿರಿ. ಪೈಪನ್ನು ಸಾವಕಾಶ ಮೇಲೆ ಕೆಳಗೆ ಆಡಿಸಿ. ಮೊದಲು ತಡೆ ಇಲ್ಲದ ಜಾಗಗಳು ಸಿಗುತ್ತವೆ, ಅದು ಡ್ಯಾಂಪರ್ ಒಳಗಿನ ಗಾಳಿ. ಇಡೀ ಚಲನೆಯಲ್ಲಿ ಒಂದೇ ಸಮ ತಡೆ ಬರುವ ತನಕ ಆಡಿಸಿ, ಹತ್ತು ನಿಮಿಷ ಬಿಡಿ, ಗುಳ್ಳೆ ಮೇಲೆ ಬರಲಿ. ಈಗ ಪೈಪನ್ನು ಪೂರ್ತಿ ಕೆಳಕ್ಕೆ ಇಳಿಸಿ ಪೈಪಿನ ತುದಿಯಿಂದ ಎಣ್ಣೆಯ ಮೇಲ್ಮೈವರೆಗೆ ಅಳೆಯಿರಿ.

ಉಪಕರಣ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ: 50 ಅಥವಾ 60 ಮಿ.ಲೀ. ಸಿರಿಂಜ್, ಜೊತೆಗೆ ಡ್ರಿಪ್ ಸೆಟ್‌ನ ಪೈಪ್. ಆ ಪೈಪನ್ನು ಸೈಕಲ್ ಸ್ಪೋಕ್‌ಗೆ ಟೇಪ್ ಹಚ್ಚಿ ನೆಟ್ಟಗೆ ಮಾಡಿ. ತುದಿಯಿಂದ ಬೇಕಾದ ದೂರದಲ್ಲಿ ಅಡ್ಡಕ್ಕೆ ಕಡ್ಡಿ ಕಟ್ಟಿ, ಕಡ್ಡಿ ಫೋರ್ಕ್ ಪೈಪಿನ ಬಾಯಿಗೆ ತಾಗುವಂತೆ ಇಳಿಬಿಟ್ಟು ಎಳೆಯಿರಿ. ಗಾಳಿ ಎಳೆಯಲು ಶುರುವಾದರೆ ಮಟ್ಟ ಅಲ್ಲಿಗೆ ಸರಿಯಾಗಿದೆ.

ಮಟ್ಟದ ಅಂಕಿ ನಿಮ್ಮಲ್ಲಿ ಇಲ್ಲ, ಆದ್ದರಿಂದ ಹೀಗೆ ಮಾಡಿ. ಎರಡೂ ಕಾಲಿಗೆ 160 ಹಾಕಿ, ಗಾಳಿ ಬಿಡಿಸಿ, ಎರಡನ್ನೂ ಅಳೆಯಿರಿ. ಮಟ್ಟ ಮೇಲಿರುವ ಕಾಲನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಇನ್ನೊಂದಕ್ಕೆ ಸಿರಿಂಜಿನಿಂದ ಸೇರಿಸಿ, ವ್ಯತ್ಯಾಸ 2 ಎಂಎಂ ಮೀರದಿರಲಿ. ಸೇರಿಸುವುದು ಐದಾರು ಮಿ.ಲೀ. ದಾಟುವಂತಿದ್ದರೆ ಗಾಳಿ ಇನ್ನೂ ಒಳಗಿದೆ, ಮತ್ತೆ ಆಡಿಸಿ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಫೋರ್ಕ್ ಕೊನೆಯಲ್ಲಿ ಬಡಿಯುತ್ತಿದೆ ಅನ್ನಿಸಿದರೆ ಕಾಲಿಗೆ 5 ಮಿ.ಲೀ.ನಂತೆ ಏರಿಸುವುದು, ಒಟ್ಟು 10 ಮಿ.ಲೀ. ದಾಟುವುದು ಬೇಡ.

ಕರಾವಳಿ ಫಿಟ್ಟರ್

ಸೀಲಿನ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ ಮಾರಾಯ್ರೇ.

ತೆಳ್ಳಗೆ ಉಂಗುರ ಮಾತ್ರ ಅಂದರೆ ಸೀಲ್ ಹೋಗಿದೆ ಅಂತ ಈಗಲೇ ತೀರ್ಮಾನಿಸಬೇಡಿ. ಎಷ್ಟೋ ಸಲ ಸೀಲಿನ ತುಟಿಯ ಕೆಳಗೆ ಮಣ್ಣು ಸಿಕ್ಕಿಕೊಂಡು ಎಣ್ಣೆ ಬಿಡುತ್ತದೆ. ಡಸ್ಟ್ ಸೀಲ್ ಮೇಲಕ್ಕೆ ಎಬ್ಬಿಸಿ, ಹಳೆ ಎಕ್ಸ್‌ರೇ ಫಿಲ್ಮ್ ತುಂಡಿನಲ್ಲಿ ಕೊಕ್ಕೆಯಾಕಾರ ಕತ್ತರಿಸಿ, ಪೈಪಿಗೆ ಒತ್ತಿ ಸೀಲಿನೊಳಗೆ ತೂರಿಸಿ ಸುತ್ತಲೂ ಎಳೆಯಿರಿ. ಅಂಚು ಪಾಲಿಶ್ ಕಾಗದದಲ್ಲಿ ನಯ ಮಾಡಿಕೊಂಡರೆ ತುಟಿ ಗೀರುವುದಿಲ್ಲ. ಕಪ್ಪು ಕೊಳೆ ಬಂದು, ಒರೆಸಿ ಓಡಿಸಿದ ಮೇಲೆ ಉಂಗುರ ಮತ್ತೆ ಬರದಿದ್ದರೆ ಆ ಸೀಲ್ ಇನ್ನೂ ಬದುಕಿದೆ.

ಅದಕ್ಕಿಂತ ಮುಖ್ಯ ಪೈಪ್. ಉಗುರನ್ನು ಪೈಪಿನ ಮೇಲೆ ಉದ್ದಕ್ಕೂ ಎಳೆಯಿರಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ತಡೆಯುವ ತುಕ್ಕಿನ ಚುಕ್ಕೆ ಇದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ವಾರದಲ್ಲಿ ಸೋರುತ್ತದೆ. ಸಣ್ಣ ಉಬ್ಬಾದರೆ 1500 ನಂಬರ್ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಆ ಜಾಗ ಮಾತ್ರ ನಯ ಮಾಡಿ, ಪೈಪಿನ ಉದ್ದಕ್ಕೆ ಉಜ್ಜದೆ ಸುತ್ತ ಉಜ್ಜಬೇಕು. ಕ್ರೋಮ್ ಎದ್ದು ಹೋಗಿದ್ದರೆ ಹೊಸ ಪೈಪ್, ಇಲ್ಲವೇ ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡುವವರ ಹತ್ತಿರ. ಬೆಂಗಳೂರಿಗೆ ಹೋಗುವವರಿದ್ದರೆ ಪೀಣ್ಯದಲ್ಲಿ ಆ ಕೆಲಸ ಆಗುತ್ತದೆ, ಸೀಲ್, ಪೈಪ್ ಬೇಕಾದರೆ ಜೆ.ಸಿ. ರಸ್ತೆ. ಸಣ್ಣ ಗಾಡಿಯ ಪೈಪಿಗೆ ಪ್ಲೇಟಿಂಗ್ ಖರ್ಚಿಗಿಂತ ಹೊಸದೇ ಲಾಭ ಬರಬಹುದು, ಎರಡೂ ಕಡೆ ವಿಚಾರಿಸಿ.

ಸೀಲ್ ಬದಲಿಸಲೇಬೇಕಾದರೆ ಎರಡೂ ಕಾಲಿನದು ಒಟ್ಟಿಗೆ, ಡಸ್ಟ್ ಸೀಲ್ ಸೇರಿಸಿ. ಆಗ ತಳದ ಅಲೆನ್ ಬೋಲ್ಟ್ ಬಿಚ್ಚಬೇಕು. ತೊಂದರೆ ಎಲ್ಲಿ ಅಂದರೆ ಬೋಲ್ಟಿನ ಜೊತೆಗೆ ಒಳಗಿನ ಡ್ಯಾಂಪರ್ ರಾಡ್ ಕೂಡ ತಿರುಗುತ್ತದೆ. ನಿಮ್ಮಲ್ಲಿ ಇಂಪ್ಯಾಕ್ಟ್ ಗನ್ ಇಲ್ಲ, ಆದ್ದರಿಂದ ಈ ಬೋಲ್ಟನ್ನು ಎಲ್ಲಕ್ಕಿಂತ ಮೊದಲು, ಎಣ್ಣೆ ಸುರಿಯುವ ಮುಂಚೆ, ಸ್ಪ್ರಿಂಗ್ ಮತ್ತು ಕ್ಯಾಪ್ ಒಳಗಿರುವಾಗಲೇ ಸಡಿಲಿಸಿ. ಒಬ್ಬರು ಕಾಲನ್ನು ನೆಲಕ್ಕೆ ಒತ್ತಿ ಹಿಡಿದರೆ ಸ್ಪ್ರಿಂಗ್ ರಾಡನ್ನು ಅದುಮಿ ಹಿಡಿಯುತ್ತದೆ. ಅಲೆನ್ ಕೀ ಪೂರ್ತಿ ಒಳಗೆ ಕೂರುವಂತೆ ಬೋಲ್ಟಿನ ಗುಳಿಯ ಮಣ್ಣು ಮೊದಲು ಕೆರೆದು ತೆಗೆಯಿರಿ. ಬಾಯಿ ಉರುಟಾದರೆ ಆಮೇಲೆ ಡ್ರಿಲ್ ಮಾಡುವುದೇ ಗತಿ.

ಸೀಲ್ ಹಿಡಿದಿರುವ ಸರ್ಕ್ಲಿಪ್ (ಲಾಕ್ ರಿಂಗ್) ತೆಗೆದು ಹಳೆ ಸೀಲ್ ಎಬ್ಬಿಸುವಾಗ ಬಾಟಮ್ ಕೇಸಿನ (ಕಾಲಿನ ಕೆಳಗಿನ ಹೊರ ಕವಚ) ಅಂಚಿಗೆ ಬಟ್ಟೆ ಇಟ್ಟು ಟೈರ್ ಲಿವರ್ ಹಾಕಿ. ಹೊಸ ಸೀಲಿನ ಅಳತೆ ಹಳೆ ಸೀಲಿನ ಮುಖದ ಮೇಲೆಯೇ ಇರುತ್ತದೆ: ಒಳವ್ಯಾಸ, ಹೊರವ್ಯಾಸ, ಎತ್ತರ. ಅಕ್ಷರ ಇರುವ ಮುಖ ಮೇಲೆ ಬರಬೇಕು. ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಎಣ್ಣೆ ಸವರಿ ಸೀಲ್ ಇಳಿಸಿ, ಇಲ್ಲದಿದ್ದರೆ ಆ ಚೂಪು ಅಂಚಿಗೆ ತುಟಿ ಹರಿಯುತ್ತದೆ. ಕೂರಿಸಲು ಪೈಪಿನ ಮೇಲೆ ಜಾರುವ, ಸೀಲಿನ ಹೊರ ಅಂಚಿಗೆ ತಾಗುವ ಪಿವಿಸಿ ಪೈಪ್ ತುಂಡು ಸಾಕು. ಸರ್ಕ್ಲಿಪ್ ಕೂರುವ ತೋಡು ಪೂರ್ತಿ ಕಾಣುವ ತನಕ ತಟ್ಟುತ್ತಾ ಇಳಿಸಿ. ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರ್, ಥ್ರೆಡ್‌ಗೆ ಒಂದು ಹನಿ ಥ್ರೆಡ್ ಲಾಕ್ ಅಂಟು. ಹಳೆ ವಾಷರ್ ಹಾಕಿದರೆ ಸೀಲ್ ಸರಿಯಿದ್ದೂ ಕೆಳಗಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ.

ಪಾನಾ ಪಕ್ಕಡ, ಹುಬ್ಬಳ್ಳಿ

ಸೀಮೆಎಣ್ಣೆ ಮಾತು ವಾಪಸ್ ತಗೊಂಡೆ, ರಾಡ್ ಬಿಚ್ಚದೆ ಬೇಡ.

ಜೋಡಿಸುವಾಗ ಗಮನಿಸಬೇಕಾದ್ದು. ಕ್ಯಾಪಿನ ಓ ರಿಂಗಿಗೆ ಎಣ್ಣೆ ಸವರಿ. ಸ್ಪ್ರಿಂಗ್ ವಿರುದ್ಧ ಒತ್ತಿ ಕ್ಯಾಪ್ ತಿರುಗಿಸುವಾಗಲೇ ಥ್ರೆಡ್ ಅಡ್ಡ ಹತ್ತುವುದು. ಕ್ಯಾಪ್ ಅಲ್ಲಾಡದಂತೆ ಒತ್ತಿ ಹಿಡಿದು ಪೈಪನ್ನು ತಿರುಗಿಸಿ, ಹಗುರ ಹತ್ತಿದರೆ ಸರಿ. ಕಾಲು ಟಿಯೊಳಗೆ ಹೋಗಿ ಕೆಳಗಿನ ಪಿಂಚ್ ಬಿಗಿಯಾದ ಮೇಲೆ ಕ್ಯಾಪ್ ಬಿಗಿಮಾಡಿ, 20ರಿಂದ 25 ಎನ್‌ಎಂ ಸಾಮಾನ್ಯ, ಮ್ಯಾನುಯಲ್ ನೋಡಿ. ಮೇಲಿನ ಪಿಂಚ್ ಕೊನೆಗೆ.

ಗಾಲಿ ಹಾಕಿ ಆಕ್ಸಲ್ ನಟ್ ಬಿಗಿಸಿ, ಆದರೆ ಆಕ್ಸಲ್ ಪಿಂಚ್ ಬೋಲ್ಟ್ ಇದ್ದರೆ ಅದನ್ನೂ ಮಡ್‌ಗಾರ್ಡ್ ಬೋಲ್ಟುಗಳನ್ನೂ ಸಡಿಲವೇ ಬಿಡಿ. ಕ್ಯಾಲಿಪರ್ ಕೂರಿಸಿ, ಪ್ಯಾಡ್ ಡಿಸ್ಕಿಗೆ ತಾಗುವ ತನಕ ಲಿವರ್ ಒತ್ತಿ. ಗಾಡಿ ಸ್ಟ್ಯಾಂಡಿನಿಂದ ಇಳಿಸಿ ಬ್ರೇಕ್ ಹಿಡಿದು ಫೋರ್ಕ್ ನಾಲ್ಕೈದು ಸಲ ಅದುಮಿ. ಕಾಲುಗಳು ತಮ್ಮ ಜಾಗಕ್ಕೆ ತಾವೇ ಸಮಾನಾಂತರ ಆಗುತ್ತವೆ, ಆಮೇಲೆ ಉಳಿದದ್ದು ಬಿಗಿ ಮಾಡಿ. ಇದನ್ನು ಬಿಟ್ಟರೆ ಫೋರ್ಕ್ ಹಿಡಿದು ಹಿಡಿದು ಓಡಾಡುತ್ತದೆ, ಜನ ಎಣ್ಣೆಯನ್ನು ಬೈಯುತ್ತಾರೆ.

ಕೊಪ್ಪ_150

ಕೊನೆಯ ಪ್ರಶ್ನೆ. ಕ್ಯಾಪ್ ಕೆಳಗೆ 10 ಎಂಎಂ ಪಿವಿಸಿ ತುಂಡು ಹೆಚ್ಚಿಗೆ ಇಟ್ಟರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಬ್ರೇಕ್ ಕುಸಿತಕ್ಕೆ ಅದು ಮದ್ದೇ?

ದಪ್ಪ ತೆಳು

ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಮೂತಿ 10 ಎಂಎಂ ಎತ್ತರದಲ್ಲಿ ನಿಲ್ಲುತ್ತದೆ ಅಷ್ಟೇ. ಕೆಳಗೆ ಬಡಿಯುವ ಮುಂಚೆ ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಬೇಕೋ ಬೇಡವೋ ಅಂತ ಅಳೆದು ನೋಡಿ. ಪೈಪಿಗೆ ಕೇಬಲ್ ಟೈ ಕಟ್ಟಿ, ಮುಂದಿನ ಗಾಲಿ ನೆಲ ಬಿಟ್ಟಿರುವಾಗ ಅದನ್ನು ಡಸ್ಟ್ ಸೀಲಿಗೆ ತಾಗಿಸಿ. ಗಾಡಿ ಮೆಲ್ಲಗೆ ಇಳಿಸಿ, ನೀವು ಕೂತು, ಇಳಿದು, ಟೈ ಎಷ್ಟು ಸರಿದಿದೆ ನೋಡಿ. 125 ಎಂಎಂ ಚಲನೆಯ ಫೋರ್ಕಿಗೆ 30ರಿಂದ 40 ಎಂಎಂ ಒಳಗಿದ್ದರೆ ಮುಟ್ಟಬೇಡಿ. 50 ದಾಟಿದರೆ ಸ್ಪ್ರಿಂಗ್ ಸೋತಿದೆ. ಅದರ ಬಿಡಿ ಉದ್ದವನ್ನು ಮ್ಯಾನುಯಲ್‌ನ ಮಿತಿಗೆ ಹೋಲಿಸಿ, ಕುಗ್ಗಿದ್ದರೆ ಹೊಸ ಜೋಡಿ ಹಾಕಿ, ಪಿವಿಸಿ ಬೇಡ.

ಕರಾವಳಿ ಫಿಟ್ಟರ್

ಡಿಸ್ಕ್ ಮೇಲೆ, ಪ್ಯಾಡ್ ಮೇಲೆ ಫೋರ್ಕ್ ಆಯಿಲ್ ಬೀಳದಂತೆ ಕೆಲಸ ಶುರು ಮಾಡುವ ಮುಂಚೆಯೇ ಕವರ್ ಕಟ್ಟಿ. ಡಿಸ್ಕಿಗೆ ಬಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಬಹುದು, ಪ್ಯಾಡ್ ಹೀರಿಕೊಂಡರೆ ಹೊಸದೇ. ಗಾಡಿ ಹೊರಗೆ ತೆಗೆಯುವ ಮುಂಚೆ ಲಿವರ್ ಮತ್ತೊಮ್ಮೆ ಒತ್ತಿ, ಗಟ್ಟಿ ಇದೆಯಾ ನೋಡಿ. ಹಳೆ ಎಣ್ಣೆ ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಹತ್ತಿರದ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಡಿ, ಇಂಜಿನ್ ಆಯಿಲ್ ಜೊತೆಗೇ ತೆಗೆದುಕೊಳ್ಳುತ್ತಾರೆ.

ಈ ಥ್ರೆಡ್ ಓದುವ ಯುಎಸ್‌ಡಿ (ತಲೆಕೆಳಗಾಗಿ ಜೋಡಿಸಿದ, ಅಪ್‌ಸೈಡ್ ಡೌನ್) ಫೋರ್ಕಿನವರಿಗೆ ಒಂದು ಮಾತು: ಮೇಲೆ ಹೇಳಿದ ಕ್ರಮ ನಿಮ್ಮ ಗಾಡಿಗೆ ಹೊಂದುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಕ್ಯಾಪ್ ಡ್ಯಾಂಪರ್ ರಾಡಿಗೇ ಲಾಕ್ ನಟ್‌ನಲ್ಲಿ ಕೂತಿರುತ್ತದೆ, ಸ್ಪ್ರಿಂಗ್ ಅದುಮಿ ಹಿಡಿಯುವ ಟೂಲ್ ಇಲ್ಲದೆ ಬಿಚ್ಚಲು ಆಗುವುದಿಲ್ಲ. ಸೀಲ್ ಕೆಳಮುಖವಾಗಿ ಇರುವುದರಿಂದ ಸೋರಿದ ಎಣ್ಣೆ ನೇರ ಕ್ಯಾಲಿಪರ್ ಮೇಲೆ ಇಳಿಯುತ್ತದೆ. ಅಲ್ಲಿ ಉಂಗುರ ಕಂಡ ದಿನವೇ ಸರಿಮಾಡಿಸಿ.